ಅಮ್ಮನ ಫೋಟೋದ ಮೊಳೆ

ಹೆಂಡತಿ ತೀರಿಕೊಂಡ ಮೇಲೆ ನಿವೃತ್ತ ತಹಸೀಲ್ದಾರ್ ಚೆನ್ನವೀರಪ್ಪನವರ ಬಲಭುಜ ಬಿಗಿದುಕೊಂಡಿತು. ದಿನಾ ಗೋಡೆಯ ಮೇಲೆ ಬೆರಳು ನಡೆಸುತ್ತಾ, ನೋವು ತಡೆಯುವಷ್ಟು ಕೈ ಎತ್ತಿ, ಬಿಟ್ಟರೆ ಕೈ ಏಳುವುದೇ ಇಲ್ಲ ಎಂದರು ಫಿಸಿಯೋಥೆರಪಿಯವರು.

"ತಹಸೀಲ್ದಾರನಾಗಿದ್ದವನು ಹಲ್ಲಿಯ ಹಾಗೆ ಗೋಡೆ ಹತ್ತಬೇಕಾ? ಎತ್ತಲ್ಲ!"

ಮರುದಿನ ಮನೆಯ ಅಡುಗೆಯಾಕೆ, ತಾನು ‘ಅಮ್ಮ’ ಎನ್ನುತ್ತಿದ್ದ ಅವರ ಹೆಂಡತಿಯ ಫೋಟೋವನ್ನು ಅವರ ಎದೆಮಟ್ಟಕ್ಕೆ ತೂಗುಹಾಕಿ, ಮಲ್ಲಿಗೆ ಮಾಲೆಯನ್ನು ಅವರ ಬಲಗೈಗೇ ಕೊಟ್ಟಳು.

"ನೀನೇ ಹಾಕೇ."

"ಅಮ್ಮನಿಗೆ ಹೂ ಮುಡಿಸೋಕೆ ನಾನ್ಯಾರು ಸಾರ್? ಎಡಗೈಲಿ ಬೇಡ, ಬೇಜಾರು ಮಾಡ್ಕೋತಾರೆ."

ಗೊಣಗುತ್ತಲೇ ಮುಡಿಸಿದರು; ಅದು ದಿನದ ರೂಢಿಯಾಯಿತು. ಅವರು ವಾಕಿಂಗ್ ಹೋದಾಗಲೆಲ್ಲ ಆಕೆ ಮೊಳೆಯನ್ನು ಕಿತ್ತು ಒಂಚೂರು ಮೇಲೆ ಹೊಡೆಯುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಅವರ ಕೈ ತಲೆಗಿಂತ ಮೇಲೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಹೂ ಮುಡಿಸುವಾಗ, ಫೋಟೋದ ಕೆಳಗೆ ಸಾಲಾಗಿದ್ದ ಮೊಳೆಯ ತೂತುಗಳು ಅವರ ಕಣ್ಣಿಗೆ ಬಿದ್ದವು. ಬೈಗುಳ ಬಂತು ಎಂದುಕೊಂಡು ಆಕೆ ತಲೆ ತಗ್ಗಿಸಿ ನಿಂತಳು.

ಅವರು ಫೋಟೋದ ಮೇಲಿನ ಕೈ ತೆಗೆಯಲಿಲ್ಲ.

"ಎಷ್ಟು ಎತ್ತರಕ್ಕೆ ಏರಿಸಿದೀಯೇ ಇವಳನ್ನ! ಇದ್ದಾಗ ನನ್ನ ಭುಜಕ್ಕೂ ಬರ್ತಿರಲಿಲ್ಲ" ಎಂದರು. ಮಾಲೆ ಸರಿಪಡಿಸುತ್ತಾ, "ಆಗ ಒಂದು ದಿನಾನೂ ಹೂ ಮುಡಿಸಲಿಲ್ಲ ಕಣೇ" ಎಂದರು.