ಎದುರುಮನೆಯ ರಂಗೋಲಿ

"ಗುರುಗಳೇ, ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಹೇಳುತ್ತೀರಿ. ಆದರೆ ನನ್ನನ್ನು ಬೆಳಗ್ಗೆ ಎಬ್ಬಿಸುತ್ತಿದ್ದುದೇ ಅದು. ಅದನ್ನು ಬಿಟ್ಟರೆ ನಾನು ಓದುವುದು ಹೇಗೆ?" ಎಂದು ಶಿಷ್ಯ ಶೇಷಗಿರಿ ಕೇಳಿದ.

ಪಾಠಶಾಲೆಯಲ್ಲಿ ಅವನ ಜೊತೆ ನರಹರಿ ಎಂಬ ಇನ್ನೊಬ್ಬ ಓದುತ್ತಿದ್ದ. ನರಹರಿ ಒಂದು ಸರ್ಗ ಬಾಯಿಪಾಠ ಮಾಡಿದರೆ ಶೇಷಗಿರಿ ಎರಡು ಮಾಡುತ್ತಿದ್ದ. ನರಹರಿ ಎದ್ದ ಸದ್ದು ಕೇಳಿದರೆ ಸಾಕು, ಇವನು ಹೊದಿಕೆ ಕಿತ್ತೊಗೆದು ಏಳುತ್ತಿದ್ದ. ಈಗ ನರಹರಿ ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದ. ಅವನು ಹೋದಂದಿನಿಂದ ಶೇಷಗಿರಿ ಪುಸ್ತಕ ಬಿಚ್ಚಿರಲಿಲ್ಲ.

"ಬಿಡು ಎಂದು ಆಮೇಲೆ ಹೇಳುತ್ತೇನೆ. ಮೊದಲು ಅದು ಏನು ಮಾಡುತ್ತದೆ ಎಂದು ಕೇಳು" ಎಂದರು ಗುರುಗಳು. "ಕೂತುಕೋ. ನಡುವೆ ಬಾಯಿ ಹಾಕಬೇಡ."

ಗುರುಗಳು ಹೇಳಿದ ಕತೆ ಇದು.

ಒಂದು ಊರು. ಅಲ್ಲಿ ಪುಟ್ಟತಾಯಿ ಎಂಬ ಗೃಹಿಣಿ. ಗಂಡ ಒಳ್ಳೆಯವನು. ಮದುವೆಗೆ ಬಂದ ಮಗಳಿದ್ದಳು, ಸುಗುಣ. ಉಣ್ಣಲು ಉಡಲು ಕೊರತೆಯಿರಲಿಲ್ಲ. ಅವಳಿಗಿದ್ದ ಕೊರತೆ ಒಂದೇ, ಎದುರುಮನೆ. ಆ ಮನೆಯಲ್ಲಿ ಭಾಗೀರಥಿ ಎಂಬವಳಿದ್ದಳು. ಅವಳು ಬಿಟ್ಟ ರಂಗೋಲಿಯನ್ನು ತುಳಿಯಲು ಮನಸ್ಸಾಗದೆ ಜನ ಬಳಸಿಕೊಂಡು ಹೋಗುತ್ತಿದ್ದರು. ಅದನ್ನು ನೋಡಿದರೆ ಪುಟ್ಟತಾಯಿಗೆ ಬಾಯಿಗಿಟ್ಟ ತುತ್ತು ಒಳಗೆ ಇಳಿಯುತ್ತಿರಲಿಲ್ಲ.

ಪುಟ್ಟತಾಯಿ ಬೆಳಗಿನ ಜಾವ ಎದ್ದು ಕದದ ಸಂದಿಯಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಭಾಗೀರಥಿ ಅಂಗಳ ಗುಡಿಸಿ, ಸಗಣಿನೀರು ಹಾಕಿ, ಚುಕ್ಕಿಯಿಟ್ಟು, ಎಳೆ ಎಳೆದು ಒಳಗೆ ಹೋಗುವ ತನಕ ಇವಳು ಕದಲುತ್ತಿರಲಿಲ್ಲ. ಆಮೇಲೆ ಹೊರಗೆ ಬಂದು ಅದಕ್ಕಿಂತ ಎರಡು ಸಾಲು ಚುಕ್ಕಿ ಹೆಚ್ಚಿಗೆ ಇಡುತ್ತಿದ್ದಳು. ಅಲ್ಲಿ ಒಂದು ಕಮಲ ಇದ್ದರೆ ಇಲ್ಲಿ ಕಮಲದ ಕೊಳ. ಅಲ್ಲಿ ಒಂದು ಗಿಳಿ ಇದ್ದರೆ ಇಲ್ಲಿ ಗಿಳಿಯ ಸಂಸಾರ. ಸೊಂಟ ಹಿಡಿದುಕೊಂಡರೂ ಬಗ್ಗುವುದು ಬಿಡಲಿಲ್ಲ.

ಬೀದಿಯವರು "ಶ್ರದ್ಧೆ ಎಂದರೆ ಪುಟ್ಟತಾಯಿಯದು" ಎನ್ನುತ್ತಿದ್ದರು. ಶ್ರದ್ಧೆಯಂತೆ, ಮಣ್ಣು! ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಹೊಗಳಿದರೂ ಅವಳಿಗೆ ಸಂತೋಷವಿಲ್ಲ. "ಎದುರುಮನೆಯವಳನ್ನೂ ಹೀಗೇ ಹೊಗಳಿ ಬಂದಿರುತ್ತಾರೆ" ಎಂದು ಮುಖ ಸಿಂಡರಿಸುತ್ತಿದ್ದಳು. ಭಾಗೀರಥಿ ಪಾಪ, ಇದೊಂದನ್ನೂ ಅರಿಯಳು. ಎದುರಾದಾಗಲೆಲ್ಲ ನಕ್ಕು ಮಾತಾಡಿಸುತ್ತಿದ್ದಳು. ಆ ನಗುವೂ ಪುಟ್ಟತಾಯಿಗೆ ಅಣಕದ ಹಾಗೆ ಕಾಣುತ್ತಿತ್ತು.

ಹೀಗಿರುವಾಗ ಸುಗುಣಳಿಗೆ ಒಂದು ಸಂಬಂಧ ಬಂತು. ತಂದವಳು ಪುಟ್ಟತಾಯಿಗೆ ದೊಡ್ಡಮ್ಮನ ವರಸೆಯ ಮುದುಕಿ. ಜಾತಕ ಕೂಡಿತು. ಹುಡುಗನನ್ನು ಸುಗುಣ ನಂಟರ ಮನೆಯ ಗೃಹಪ್ರವೇಶದಲ್ಲಿ ನೋಡಿದ್ದಳು. ಅವನ ಹೆಸರೆತ್ತಿದರೆ ಸಾಕು, ಮಾಡುತ್ತಿದ್ದ ಕೆಲಸ ಮರೆತು ನಿಂತುಬಿಡುತ್ತಿದ್ದಳು. ಪುಟ್ಟತಾಯಿಯೂ ಈ ಮದುವೆ ಆಗಲೇಬೇಕೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಗಂಡಿನ ಕಡೆಯವರು ಬಂದು ಮನೆ ನೋಡಿ, ಹುಡುಗಿಗೆ ಹೂ ಮುಡಿಸುವುದೊಂದೇ ಬಾಕಿ.

ಆದರೆ ಅವರ ಮನೆಯಲ್ಲಿ ಒಂದು ಪದ್ಧತಿ. ಹೆಣ್ಣು ನೋಡಲು ಅವರು ಹೇಳಿ ಹೋಗುತ್ತಿರಲಿಲ್ಲ. "ಹೇಳಿ ಹೋದರೆ ಎಲ್ಲರ ಮನೆಯೂ ಅರಮನೆಯೇ" ಎನ್ನುವವಳು ಹುಡುಗನ ಸೋದರತ್ತೆ. ಈ ತಿಂಗಳಲ್ಲೇ ಒಂದು ಒಳ್ಳೆಯ ದಿನ ನೋಡಿ ಬೆಳಗ್ಗೆ ಬರುತ್ತೇವೆ ಎಂದಷ್ಟೇ ತಿಳಿಸಿದ್ದರು. ಯಾವ ದಿನ ಬೇಕಾದರೂ ಬರಲಿ, ನನಗೇನು ಭಯ ಎಂದು ಪುಟ್ಟತಾಯಿ ಧೈರ್ಯವಾಗಿದ್ದಳು.

ಅಷ್ಟರಲ್ಲಿ ಭಾಗೀರಥಿಯ ಮಾವ ತೀರಿಕೊಂಡ. ಸೂತಕದ ಮನೆಯ ಮುಂದೆ ರಂಗೋಲಿ ಇಡುವಂತಿಲ್ಲ, ನಿನಗೆ ಗೊತ್ತೇ ಇದೆ. ಮಾರನೆಯ ಬೆಳಗ್ಗೆ ಪುಟ್ಟತಾಯಿ ಕದದ ಸಂದಿಯಲ್ಲಿ ನೋಡಿದಳು. ಎದುರಿನ ಅಂಗಳ ಬೋಳು. ಮೊದಲು ಖುಷಿಯಾಯಿತು. ಸಾವಿನ ಮನೆ ನೋಡಿ ಖುಷಿಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಬಟ್ಟಲು ಹಿಡಿದು ಹೋಗಿ ಅಂಗಳದ ತುಂಬ ರಂಗೋಲಿ ಬಿಟ್ಟಳು. ಬಿಟ್ಟು ತಲೆಯೆತ್ತಿದರೆ ಎದುರಿನ ಕದ ಮುಚ್ಚಿತ್ತು. ತಾನು ಬಿಟ್ಟದ್ದೇ ಅವಳಿಗೆ ಉಪ್ಪಿಲ್ಲದ ಸಾರಿನ ಹಾಗೆ ಸಪ್ಪೆಯಾಗಿ ಕಂಡಿತು. ಗೆದ್ದೆ ಎಂದುಕೊಳ್ಳೋಣವೆಂದರೆ ಸೋಲುವವಳೇ ಇಲ್ಲ.

ಮರುದಿನ ಪುಟ್ಟದೊಂದು ಹೂವು ಬಿಟ್ಟು ಒಳಗೆ ಬಂದಳು. ಅದರ ಮರುದಿನ ಬರೀ ನೀರು ಚಿಮುಕಿಸಿದಳು. ಆಮೇಲೆ ಅದೂ ಇಲ್ಲ. ಸೂತಕ ಅವರಿಗೆ, ನಿದ್ದೆ ಇವಳಿಗೆ. ಬಿಸಿಲು ಮುಖಕ್ಕೆ ಬೀಳುವ ತನಕ ಮಲಗುತ್ತಿದ್ದಳು.

ಸುಗುಣಳಿಗೆ ಕಳವಳವಾಯಿತು. "ಅಮ್ಮ, ಬಾಗಿಲನ್ನು ಹೀಗೆ ಬೋಳು ಬಿಡಬಾರದು. ನಾನೇ ನಾಲ್ಕು ಎಳೆ ಎಳೆದು ಬರಲೇ?" ಎಂದಳು.

"ಸುಮ್ಮನಿರು. ನಿನ್ನ ಸೊಟ್ಟ ಎಳೆ ನೋಡಿ ಅವಳು ಕಿಟಕಿಯಲ್ಲಿ ನಿಂತು ನಗಬೇಕೇ? ಅವಳದು ಶುರುವಾಗಲಿ, ಆಮೇಲೆ ನಾನು ತೋರಿಸುತ್ತೇನೆ" ಎಂದು ಪುಟ್ಟತಾಯಿ ಮಗ್ಗುಲು ಬದಲಿಸಿದಳು.

ನೋಡು, ಮಾವ ಸತ್ತ ದುಃಖದಲ್ಲಿರುವವಳು ಇವಳ ಎಳೆ ಸೊಟ್ಟಗಿದೆಯೇ ನೆಟ್ಟಗಿದೆಯೇ ಎಂದು ಅಳೆಯಲು ಕಿಟಕಿಗೆ ಬರುತ್ತಾಳಂತೆ! ಹೊಟ್ಟೆಕಿಚ್ಚಿಗೆ ಇಂಥದ್ದೆಲ್ಲ ಚೆನ್ನಾಗಿ ಹೊಳೆಯುತ್ತದೆ. ಹುಡುಗಿ ತಾಯಿಗೆ ಎದುರಾಡದೆ ಸುಮ್ಮನಾದಳು.

ಆ ವಾರದಲ್ಲೇ ಒಂದು ಬೆಳಗ್ಗೆ ಗಂಡಿನ ಕಡೆಯವರು ಬಂದರು. ಹುಡುಗನ ತಂದೆ, ಸೋದರತ್ತೆ, ಕೈಯಲ್ಲಿ ಹೂವು, ಹಣ್ಣು, ಎಲೆ ಅಡಿಕೆ. ಬೀದಿಯ ಎಲ್ಲ ಮನೆಗಳ ಮುಂದೆಯೂ ರಂಗೋಲಿ ಇತ್ತು. ಎದುರುಬದುರಾಗಿ ಎರಡು ಮನೆಗಳ ಮುಂದೆ ಮಾತ್ರ ಇರಲಿಲ್ಲ. ಅದರಲ್ಲಿ ಒಂದು ಅವರು ಹೋಗಬೇಕಾದ ಮನೆ. ಸೋದರತ್ತೆ ಅಲ್ಲೇ ನಿಂತಳು. "ಎರಡೂ ಬಾಗಿಲು ಬೋಳಾಗಿವೆ ಅಣ್ಣ. ದಾಯಾದಿಗಳಿರಬೇಕು, ಸೂತಕ ಇಬ್ಬರಿಗೂ ತಗುಲಿದೆ" ಎಂದಳು.

ಸೂತಕದ ಮನೆಗೆ ಹೂವು ಹಣ್ಣು ಹಿಡಿದು ಹೋಗುವುದುಂಟೇ? ಬಾಗಿಲಲ್ಲಿ ನಿಂತು, ಸತ್ತವರು ಯಾರು ಎಂದು ಕೇಳುವುದುಂಟೇ? ಒಳ್ಳೆಯ ಕೆಲಸಕ್ಕೆ ಹೊರಟಾಗ ಹೀಗಾಯಿತಲ್ಲ ಎಂದು ಮನಸ್ಸಿಗೂ ಕಸಿವಿಸಿಯಾಯಿತು. ಬಂದ ದಾರಿಯಲ್ಲೇ ತಿರುಗಿದರು. ಅವರು ನೋಡಬೇಕಾದ ಇನ್ನೊಂದು ಹೆಣ್ಣು ಪಕ್ಕದ ಊರಿನಲ್ಲಿತ್ತು. ಒಳ್ಳೆಯ ದಿನ ವ್ಯರ್ಥವಾಗುವುದು ಬೇಡವೆಂದು ಅಲ್ಲಿಗೆ ಹೋದರು. ಆ ಹುಡುಗಿಯೂ ಒಪ್ಪಿಗೆಯಾದಳು. ಅಲ್ಲೇ ತಾಂಬೂಲ ಬದಲಾಯಿಸಿಕೊಂಡರು.

ಎರಡು ದಿನ ಬಿಟ್ಟು ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಪುಟ್ಟತಾಯಿಯ ಮನೆಗೆ ಬಂದಳು. "ಯಾರು ಹೋದದ್ದು, ತಾಯಿ? ನನಗೊಂದು ಮಾತು ಹೇಳಿಕಳಿಸಬಾರದಾಗಿತ್ತೇ?" ಎಂದಳು.

"ಬಿಡ್ತು ಅನ್ನು ದೊಡ್ಡಮ್ಮ! ಯಾರೂ ಹೋಗಿಲ್ಲ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದೇವೆ."

"ಹಾಗಾದರೆ ಅಂಗಳ ಯಾಕೆ ಬೋಳಾಗಿತ್ತು?" ಎಂದು ದೊಡ್ಡಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ತಾಂಬೂಲ ಆಗಿಹೋಗಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದಳು.

ಪುಟ್ಟತಾಯಿ ಎದೆ ಬಡಿದುಕೊಂಡು ಅತ್ತಳು. ಅಳುತ್ತ ಏನೆಂದಳು ಗೊತ್ತೇ? "ಎಲ್ಲ ಆ ಎದುರುಮನೆಯವಳಿಂದ! ಅವಳು ರಂಗೋಲಿ ಬಿಟ್ಟಿದ್ದರೆ ನಾನೂ ಬಿಡುತ್ತಿರಲಿಲ್ಲವೇ?" ಸುಗುಣ ಕದದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಮ್ಮ, ಸಾವಾದದ್ದು ಅವರ ಮನೆಯಲ್ಲಿ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಿಂಗಳುಗಟ್ಟಲೆ ತಾಯಿಯ ಮುಖ ನೋಡಿ ಮಾತಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶೇಷಗಿರಿಗೆ ತಡೆಯಲಾಗಲಿಲ್ಲ.

"ಎಂಥ ಹೆಂಗಸು ಗುರುಗಳೇ! ಎದುರುಮನೆಯಲ್ಲಿ ಸಾವಾದರೆ ತನ್ನ ಬಾಗಿಲನ್ನು ಬೋಳು ಬಿಡುವುದೇ? ಮಗಳ ಬಾಳಿಗೆ ಕಲ್ಲು ಹಾಕಿದಳಲ್ಲ. ಇಂಥ ದಡ್ಡತನ ಯಾರಾದರೂ ಮಾಡುತ್ತಾರೆಯೇ?"

ಗುರುಗಳು ಮೂಲೆಯಲ್ಲಿ ಗಂಟು ಕಟ್ಟಿಯೇ ಇದ್ದ ಅವನ ಪುಸ್ತಕಗಳ ಕಡೆಗೆ ನೋಡಿದರು. ಶೇಷಗಿರಿಯೂ ಅತ್ತ ನೋಡಿದ.

"ಅವಳ ಎದುರುಮನೆಯಲ್ಲಾದರೂ ಒಬ್ಬ ಸತ್ತಿದ್ದ; ನರಹರಿ ಅಲ್ಲಿ ಮದುವೆಯೂಟ ಮಾಡುತ್ತಿರುವಾಗ ನಿನ್ನ ಪುಸ್ತಕಕ್ಕೆ ಯಾವ ಸೂತಕವಪ್ಪಾ?" ಎಂದರು ಗುರುಗಳು.