ಎದುರು ಗಾಳಿಯ ಮದುಮಗ

"ಗುರುಗಳೇ, ಹನ್ನೆರಡು ವರ್ಷದಿಂದ ಹಠ ಹಿಡಿದು ಸಾಧನೆ ಮಾಡುತ್ತಿದ್ದೇನೆ. ಒಂದಲ್ಲ ಒಂದು ಅಡ್ಡಿ ಬಂದೇ ಬರುತ್ತದೆ. ನನ್ನ ಕೈಲಿ ಆಗುವುದಿಲ್ಲ ಎಂದು ಯಾವಾಗ ಒಪ್ಪಿಕೊಳ್ಳಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ದೊಡ್ಡ ಸರೋವರ. ಅದರ ದಡದಲ್ಲಿ ಒಬ್ಬ ಅಂಬಿಗ. ಆಚೆ ದಡದ ಹುಡುಗಿಯ ಜೊತೆ ಅವನ ಮದುವೆ ಗೊತ್ತಾಗಿತ್ತು. ಆ ಸೀಮೆಯ ಅಂಬಿಗರಲ್ಲಿ ಮದುಮಗ ದಿಬ್ಬಣ ಕಟ್ಟಿಕೊಂಡು ಹೋಗುವಂತಿಲ್ಲ. ಚಿಕ್ಕ ದೋಣಿಯಲ್ಲಿ ತಾನೊಬ್ಬನೇ ಹುಟ್ಟು ಹಾಕಿಕೊಂಡು ಹೋಗಬೇಕು. ಹೊತ್ತು ಮುಳುಗುವ ಮೊದಲು ಧಾರೆ ಮುಗಿಯಬೇಕು. ಇಲ್ಲದಿದ್ದರೆ ಸಂಬಂಧ ಅಲ್ಲಿಗೇ ಮುರಿಯಿತು.

ಅಂಬಿಗ ಬೆಳಗ್ಗೆಯೇ ಹೊರಟ. ಅರ್ಧ ದಾರಿಗೆ ಎದುರು ಗಾಳಿ ಎದ್ದಿತು. ಅಲೆಗಳು ದೋಣಿಯನ್ನು ಎತ್ತಿ ಎತ್ತಿ ಕುಕ್ಕಿದವು. ಹೇಗೋ ಒಂದು ನಡುಗಡ್ಡೆ ಹಿಡಿದ.

ಗಾಳಿಗೆ ಸಿಕ್ಕಿಕೊಂಡವನು ಹುಟ್ಟನ್ನು ನೆಲಕ್ಕೆ ನೆಟ್ಟು ತುದಿಗೆ ಬಟ್ಟೆ ಕಟ್ಟಬೇಕು. ಇನ್ನು ನನ್ನ ಕೈಲಾಗದು ಎಂಬ ಆ ಗುರುತು ಎರಡೂ ದಡಕ್ಕೆ ಕಾಣುತ್ತದೆ. ಅದು ಅಲ್ಲಿನ ರೂಢಿ. ಆದರೆ ಅಂಬಿಗನಿಗೆ ಮನಸ್ಸು ಬರಲಿಲ್ಲ. ಮದುವೆಯ ದಿನವೇ ಗಾಳಿಗೆ ಸೋತ ಅಂತ ಆಚೆ ದಡದ ಹೆಂಗಸರು ಸಾಯೋವರೆಗೂ ಆಡಿಕೊಳ್ಳುತ್ತಾರಲ್ಲ! ಮತ್ತೆ ದೋಣಿ ನೂಕಿದ. ಗಾಳಿ ಹಿಂದಕ್ಕೆ ತಂದು ಬಿಸಾಕಿತು. ಇನ್ನೊಮ್ಮೆ ನೂಕಿದ. ಈ ಸಲ ದೋಣಿಗೆ ಅರ್ಧ ನೀರು ತುಂಬಿತು, ಮದುವೆಯ ಪೇಟ ತೇಲಿಕೊಂಡು ಹೋಯಿತು. ಅಂಗೈಯ ಬೊಬ್ಬೆಗಳು ಒಡೆದವು. ಹೊತ್ತು ನೆತ್ತಿಯಿಂದ ಇಳಿಯಿತು.

ಕಡೆಗೆ ಹುಟ್ಟು ನೆಟ್ಟ. ಒದ್ದೆ ಶಲ್ಯವನ್ನೇ ಅದಕ್ಕೆ ಕಟ್ಟಿ, ಮುಖ ಮುಚ್ಚಿಕೊಂಡು ಕೂತ. ಅವಳು ಇನ್ನು ತನ್ನವಳಲ್ಲ ಅನ್ನುವುದೊಂದೇ ತಲೆಯಲ್ಲಿ.

ಸ್ವಲ್ಪ ಹೊತ್ತಿಗೆ ನೀರಿನ ಮೇಲಿಂದ ವಾಲಗ ಕೇಳಿಸಿತು. ತಲೆ ಎತ್ತಿ ನೋಡಿದರೆ ಆಚೆ ದಡದ ದೊಡ್ಡ ದೋಣಿ! ಇವನನ್ನು ತಡೆದ ಗಾಳಿಯೇ ಅದರ ಹಾಯಿ ತುಂಬಿಸಿ ಇತ್ತ ತಳ್ಳುತ್ತಿತ್ತು. ವಾಲಗದವರು, ಹೋಳಿಗೆಯ ಬುಟ್ಟಿ, ಕಿಲಕಿಲ ನಗುವ ಹೆಂಗಸರು, ಅವರ ನಡುವೆ ಮದುಮಗಳು.

ಮಾವ ಮಂಡಿಯುದ್ದ ನೀರಿಗೆ ಹಾರಿ ಓಡಿ ಬಂದ. ಅಂಬಿಗ ತೊದಲಿದ: "ಮಾವ, ನಾನೇ ಅಲ್ಲಿಗೆ ಬರಬೇಕಿತ್ತು..."

"ಒಬ್ಬನೇ ಬರಬೇಕಿತ್ತು, ಬಂದಿದ್ದೀಯ. ಎದುರುಗೊಳ್ಳೋದು ನಮ್ಮ ಕೆಲಸ. ಎಷ್ಟು ದೂರ ಬಂದು ಎದುರುಗೊಳ್ಳಬೇಕು ಅಂತ ಯಾರಪ್ಪಾ ಅಳತೆ ಹಾಕಿರೋದು?"

ಮದುಮಗಳು ಸೆರಗಿನ ಮರೆಯಿಂದಲೇ ಅಂದಳು: "ಬೆಳಗ್ಗೆಯಿಂದ ದೋಣಿ ಅಣಿ ಮಾಡಿಕೊಂಡು ಕೂತಿದ್ದೀವಿ. ನೀವು ಎಲ್ಲಿದ್ದೀರಿ ಅಂತ ತಿಳಿದರೆ ತಾನೇ ಬರೋದು? ಒಂದು ಬಟ್ಟೆ ಕಟ್ಟೋಕೆ ಇಷ್ಟು ಹೊತ್ತು ಬೇಕಿತ್ತಾ?"

ಬಿಸಿಲಿರುವಾಗಲೇ ನಡುಗಡ್ಡೆಯಲ್ಲಿ ಧಾರೆಯಾಯಿತು. ಪೇಟವಿಲ್ಲದ ಮದುಮಗನ ತಲೆಗೆ ಅತ್ತೆ ಊಟದ ಬಾಳೆಲೆಯನ್ನೇ ಸುತ್ತಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಂಬಿಗ.

ಕತೆ ಮುಗಿಯಿತು. ಶಿಷ್ಯ, "ಹಾಗಾದರೆ ನಾನು ಪ್ರಯತ್ನ ಬಿಟ್ಟು ಕೂರಬೇಕೇ, ಗುರುಗಳೇ?" ಎಂದ.

"ಕೂತವನ ಕತೆ ಯಾರು ಹೇಳಿದರು? ನಾನು ಹೇಳಿದ್ದು ಬಟ್ಟೆ ಕಟ್ಟಿದವನ ಬಳಿಗೆ ಎದ್ದು ಬಂದ ದಡದ ಕತೆ" ಎಂದರು ಗುರುಗಳು.