ದುಂಡಪ್ಪ ಹೇಳಿದ ಪಾಸ್‌ವರ್ಡು

ಹೂಂ ಅನ್ನುವವರು ಮುಂದೆ ಕೂಡ್ರಿ, ತೂಕಡಿಸುವವರು ಗೋಡೆಗೆ ಒರಗಿರಿ. ಕತೆ ಇಬ್ಬರಿಗೂ ಒಂದೇ.

ಒಂದೂರಿನಲ್ಲಿ ಬಾಳವ್ವ ಅಂತ ಒಬ್ಬಾಕೆ ಇದ್ದಳು. ಆಕೆಗೆ ಮೂವರು ಮಕ್ಕಳು. ದೊಡ್ಡವಳು ಸಂಗಕ್ಕ, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಡುವಿನವನು ಚನಬಸು, ಬಸ್ ಕಂಡಕ್ಟರ್. ಕಡೆಯವನು ದುಂಡಪ್ಪ. ದುಂಡಪ್ಪ ಏನು ಮಾಡುತ್ತಾನೆ ಅಂದರೆ, ಹೇಳಿದ್ದು ಮಾಡುತ್ತಾನೆ. ಬಾಳವ್ವನ ಗೋಳೇ ಅದು. ಹೇಳಿದ್ದು ಕೇಳದ ಮಕ್ಕಳನ್ನು ಹೆತ್ತವರು ಊರ ತುಂಬ ಇದ್ದರು. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಮಗನನ್ನು ಹೆತ್ತವಳು ಆಕೆಯೊಬ್ಬಳೇ. ದುಂಡಪ್ಪನ ವಯಸ್ಸು ಇಪ್ಪತ್ತೆಂಟು, ಮೀಸೆ ಹುರಿ ಮಾಡುವಷ್ಟು ಬೆಳೆದಿತ್ತು, ಬುದ್ಧಿ ಮಾತ್ರ ಬೆಳೆಯಲು ಮರೆತಿತ್ತು.

ಈ ಚನಬಸುಗೆ ಮದುವೆಯಾಗಿ ಏಳು ವರ್ಷಕ್ಕೆ ಹೆಣ್ಣು ಮಗು ಹುಟ್ಟಿತು. ಸೊಸೆಯ ತವರು ಬೀದರ ಕಡೆ. ಬಾಣಂತನ ಅಲ್ಲೇ, ಹೆಸರಿಡುವುದೂ ಅಲ್ಲೇ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ. ಸೋದರತ್ತೆ ಹೆಸರನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರಬೇಕು. ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್ರ್ ಅಂತ ಮೊದಲು ಆಕೆಯೇ ಹೇಳಬೇಕು. ಹೇಳುವಾಗ ಹಿಂದೆ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ಸಂಗಕ್ಕನಿಗೆ ಮದುವೆಯಾಗಿರಲಿಲ್ಲ. ಆ ಗುದ್ದು ತಿನ್ನಬೇಕು ಅಂತ ಏಳು ವರ್ಷ ಕಾದು ಕೂತಿದ್ದಳು. ಹೊರಡಲು ನಾಲ್ಕು ದಿನ ಇದೆ ಅನ್ನುವಾಗ ನಲ್ಲಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಸಿಮೆಂಟಿನ ಪಟ್ಟಿ ಹಾಕಿಸಿಕೊಂಡು ಒಳಗಿನ ಕೋಣೆಯ ಮಂಚ ಹಿಡಿದಳು. ಮಗಳನ್ನು ಬಿಟ್ಟು ಬಾಳವ್ವನೂ ಹೋಗುವ ಹಾಗಿಲ್ಲ.

ಚನಬಸು ಫೋನಿನಲ್ಲಿ ಉಪಾಯ ಹೇಳಿದ. ಮನೆಯಲ್ಲಿದ್ದ ಫೋನು ಮಾತಿಗಷ್ಟೇ, ಅದರಲ್ಲಿ ವಿಡಿಯೋ ಬರುತ್ತಿರಲಿಲ್ಲ. "ಅಕ್ಕಾ, ನಿನ್ನ ಲ್ಯಾಪ್‌ಟಾಪಿನ್ಯಾಗ ವಿಡಿಯೋ ಹಚ್ಚು. ನಾ ಇಲ್ಲಿ ನನ್ನ ಫೋನ್ ಕೂಸಿನ ಕಿವಿಗಿ ಹಿಡಿತೀನಿ. ಹೆಸರ ನೀನ ಹೇಳಬೇಕು, ಬ್ಯಾರೆ ಯಾರೂ ಹೇಳೂದಿಲ್ಲ. ಬರೋಬ್ಬರಿ ಹನ್ನೊಂದಕ್ಕ ಮುಹೂರ್ತ."

ಸಂಗಕ್ಕನ ಕಣ್ಣು ತುಂಬಿ ಬಂತು. ಆ ದಿನ ಬೆಳಿಗ್ಗೆ ಎದ್ದು, ಹಾಸಿಗೆಯಲ್ಲೇ ಹೊಸ ಸೀರೆ ಸುತ್ತಿಕೊಂಡು, ಹೂ ಮುಡಿದು, ಲ್ಯಾಪ್‌ಟಾಪು ತೆರೆದು ನೋಡುತ್ತಾಳೆ, ನೆಟ್ ಇಲ್ಲ. ವೈಫೈ ಗುರುತಿನ ಮೇಲೆ ಅಡ್ಡಗೆರೆ. ಗಂಟೆ ಎಂಟು.

"ತಮ್ಮಾ ದುಂಡಪ್ಪಾ, ಪಡಸಾಲ್ಯಾಗ ಗ್ವಾಡಿಗಿ ವೈಫೈ ಪೆಟ್ಟಿಗಿ ಐತಿ ನೋಡು. ಅದನ್ನ ಆಫ್ ಮಾಡಿ ಮೂವತ್ತು ಎಣಸು" ಅಂದಳು.

ದುಂಡಪ್ಪ ಹೋದ. ಆಫ್ ಮಾಡಿದ. ಮೂವತ್ತು ಎಣಿಸಿದ. ಎಣಿಸಿ ಕಟ್ಟೆಗೆ ಹೋಗಿ ಕೂತ. ಅರ್ಧ ತಾಸಾಯಿತು, ನೆಟ್ ಬರಲಿಲ್ಲ. ಬಾಳವ್ವ ಹೊರಗೆ ಬಂದು ನೋಡಿದರೆ ಪೆಟ್ಟಿಗೆಯಲ್ಲಿ ಒಂದು ದೀಪವೂ ಇಲ್ಲ.

"ಯಾಕಲೇ, ಎಣಿಸಲಿಲ್ಲೇನು?"

"ಎಣಿಸಿದೆ ಯವ್ವಾ. ಬೇಕಾದ್ರ ಇನ್ನೊಮ್ಮಿ ಎಣಸ್ತೀನಿ."

"ಎಣಿಸಿ ಹಚ್ಚಲಿಲ್ಲ ಯಾಕ?"

"ಅಕ್ಕ ಹಚ್ಚು ಅಂತ ಹೇಳಲಿಲ್ಲ."

ಬಾಳವ್ವ ಹಣೆ ಹಣೆ ಬಡಿದುಕೊಂಡಳು. "ಮಂಗ್ಯಾ, ಆರಿಸಿದ್ದನ್ನ ಮೂವತ್ತು ಎಣಿಸಿ ತಿರಗಿ ಹಚ್ಚಬೇಕು. ಇನ್ನ ಮ್ಯಾಲೆ ನೆನಪಿಟ್ಕೊ."

"ಆತು ಯವ್ವಾ, ನೆನಪಿಟ್ಕೋತೀನಿ."

ಪೆಟ್ಟಿಗೆ ಹಚ್ಚಿದರು, ದೀಪ ಮಿಣಮಿಣ ಅಂತು, ನೆಟ್ ಬಂತು. ಸಂಗಕ್ಕ ನಕ್ಕಳು. ಬಾಳವ್ವನೂ ನಕ್ಕು ಅಡುಗೆಮನೆಗೆ ಹೋದಳು. ಮೊಮ್ಮಗಳ ಹೆಸರಿಡುವ ದಿನ ಅಂತ ಬೆಳಗಿನ ಜಾವವೇ ಕರ್ಚಿಕಾಯಿ ಕರಿದಿಟ್ಟಿದ್ದಳು, ಈಗ ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಹುಗ್ಗಿ ಹದಕ್ಕೆ ಬಂತು. ಅಷ್ಟರಲ್ಲಿ ಹಿತ್ತಲಲ್ಲಿ ಎಮ್ಮೆ ಕಣ್ಣಿ ಹರಿದುಕೊಂಡು ಓಡಿತು. "ದುಂಡಪ್ಪಾ, ಗ್ಯಾಸ್ ಆರಿಸೋ" ಅಂತ ಕೂಗಿ ಬಾಳವ್ವ ಎಮ್ಮೆಯ ಹಿಂದೆ ಓಡಿದಳು.

ದುಂಡಪ್ಪ ಗ್ಯಾಸ್ ಆರಿಸಿದ. ಮೂವತ್ತು ಎಣಿಸಿದ. ತಿರುಗಿ ಹಚ್ಚಿದ. ಈ ಸಲ ಒಂದೂ ಬಿಡಲಿಲ್ಲ ಅಂತ ಖುಷಿಯಿಂದ ಮೀಸೆ ತಿರುವಿದ. ಬಾಳವ್ವ ಎಮ್ಮೆ ಕಟ್ಟಿ ಬರುವಷ್ಟರಲ್ಲಿ ಹುಗ್ಗಿಯ ತಳ ಹೊತ್ತಿ ಮನೆಯೆಲ್ಲ ಕಮಟು ವಾಸನೆ.

"ಆರಿಸು ಅಂದಿದ್ನಲ್ಲೋ!"

"ಆರಿಸಿದೆ ಯವ್ವಾ. ಮೂವತ್ತು ಎಣಿಸಿ ಹಚ್ಚಿದೆ. ನೀನ ಹೇಳಿದ್ದಿ."

ಬಾಳವ್ವ ಪಾತ್ರೆ ಇಳಿಸುತ್ತ ಬೈದಳು. "ನಿನ್ನಂಥಾವನ್ನ ಹಡಿಯೂ ಬದಲಿ ಒಂದು ಒಳಕಲ್ಲ ಹಡದಿದ್ರ ಖಾರಾನರ ಕುಟ್ಟತಿದ್ದೆ. ಬಿಸಿ ಆಗಿದ್ದು ಕಂಡ್ರ ಕೆಳಗಿಳಿಸಿ ಹೊರಗ ಗಾಳಿಗಿ ಇಡಬೇಕು. ಅಷ್ಟೂ ತಿಳಿಯೂದಿಲ್ಲೇನು?"

"ತಿಳೀತು ಯವ್ವಾ. ಗಾಳಿಗಿ ಇಡತೀನಿ."

ತಿಳಿಯಿತು ಅಂದನಲ್ಲ, ಅಲ್ಲಿಗೆ ಕೆಲಸ ಕೆಟ್ಟಿತು. ದುಂಡಪ್ಪ ಪಡಸಾಲೆಗೆ ಬಂದು ಆ ಪೆಟ್ಟಿಗೆಯನ್ನು ಮುಟ್ಟಿ ನೋಡಿದ. ಬೆಚ್ಚಗಿತ್ತು. ಅಂಥ ಪೆಟ್ಟಿಗೆ ಯಾವಾಗಲೂ ಬೆಚ್ಚಗೇ ಇರುತ್ತದೆ, ಅದು ನಿಮಗೆ ಗೊತ್ತು, ನನಗೆ ಗೊತ್ತು. ಅವನು ಮೊಳೆಯಿಂದ ಅದನ್ನು ಇಳಿಸಿ, ಉದ್ದಕ್ಕೂ ವೈರು ಎಳೆದುಕೊಂಡು, ಹೊರಗಿನ ಕಟ್ಟೆಯ ಮೇಲೆ ಬೇವಿನ ನೆರಳಿನಲ್ಲಿ ಇಟ್ಟ. ಮೊರ ತಂದು ಗಾಳಿ ಹಾಕುತ್ತ ಕೂತ.

ಹೋಗುವವರು ಬರುವವರು ನಿಂತರು. "ಏನಪಾ ದುಂಡಪ್ಪ, ಇದೇನು?"

"ನಮ್ಮ ಮನಿ ವೈಫೈ."

"ಪಾಸ್‌ವರ್ಡ್ ಏನೈತಿ?"

ಕೇಳಿದರು, ಹೇಳಿದ. ಒಬ್ಬನಿಗೆ ಹೇಳಿದ, ಇಬ್ಬರಿಗೆ ಹೇಳಿದ, ಹಾಲಿನವನಿಗೆ ಹೇಳಿದ, ಬಳೆಗಾರನಿಗೆ ಹೇಳಿದ. ಒಂದು ತಾಸಿನಲ್ಲಿ ಕಟ್ಟೆ ತುಂಬ ಜನ, ಎಲ್ಲರ ಕೈಯಲ್ಲೂ ಫೋನು. ಒಬ್ಬ ಸಿನಿಮಾ ನೋಡುತ್ತಾನೆ, ಒಬ್ಬ ಕ್ರಿಕೆಟ್ ನೋಡುತ್ತಾನೆ. ಒಳಗೆ ಸಂಗಕ್ಕನ ಲ್ಯಾಪ್‌ಟಾಪಿನಲ್ಲಿ ಒಂದು ಚಕ್ರ ತಿರುಗುತ್ತದೆ, ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಗಂಟೆ ಹತ್ತು.

"ಯವ್ವಾ, ನನ್ನ ನಸೀಬದಾಗ ಇಲ್ಲ ಬಿಡು" ಅಂದಳು ಸಂಗಕ್ಕ. ಗಣಿತದ ಟೀಚರ್, ಎಂದೂ ಅತ್ತವಳಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡಳು.

ಬಾಳವ್ವ ಹೊರಗೆ ಬಂದು ಕಟ್ಟೆ ನೋಡಿದಳು. ಕಸಬರಿಗೆ ತಂದು ಒಬ್ಬೊಬ್ಬರನ್ನೇ ಎಬ್ಬಿಸಿದಳು. ಊರಿಗೆ ನೆಟ್ ಕೊಡುವ ದಾವಲಸಾಬನಿಗೆ ಫೋನ್ ಮಾಡಿದಳು. ಅವನು ಒಳ್ಳೆಯ ಮನುಷ್ಯ, ಮಾಡುವ ಕೆಲಸ ಬಿಟ್ಟು ಸೈಕಲ್ ಮೋಟಾರಿನ ಮೇಲೆ ಬಂದ. ಪೆಟ್ಟಿಗೆಯನ್ನು ತಿರುಗಿ ಗೋಡೆಗೆ ಏರಿಸಿದ, ಅದಕ್ಕೂ ಮಂಚಕ್ಕೂ ನಡುವೆ ಇದ್ದ ಬಾಗಿಲು ತೆಗೆಸಿದ. ಬಾಳವ್ವ ಕೊಟ್ಟ ಕರ್ಚಿಕಾಯಿ ಬಾಯಲ್ಲಿ ಹಾಕಿಕೊಂಡು, "ಹಳೇ ಪಾಸ್‌ವರ್ಡ್ ಊರಿಗೆಲ್ಲಾ ಗೊತ್ತಾಗೇತಿ, ಹೊಸಾದು ಇಡತೀನಿ" ಅಂದ. ಅಂಗಡಿಗೆ ಹೋಗುವ ಅವಸರದಲ್ಲಿ, ಪಕ್ಕದಲ್ಲಿ ಏಣಿ ಹಿಡಿದು ನಿಂತಿದ್ದ ದುಂಡಪ್ಪನ ಕಿವಿಯಲ್ಲಿ ಹೇಳಿ ಹೊರಟೇ ಹೋದ.

ಬಾಳವ್ವ ಮಗನ ಕಿವಿ ಹಿಂಡಿದಳು. "ಇದನ್ನ ಯಾರಿಗೂ ಹೇಳಬ್ಯಾಡ. ಯಾರ ಕೇಳಿದ್ರೂ ಬಾಯಿ ಬಿಡಬ್ಯಾಡ. ಜೀವಾ ಹೋದ್ರೂ ಬಿಡಬ್ಯಾಡ."

"ಬಿಡೂದಿಲ್ಲ ಯವ್ವಾ."

ಈಗ ಸಂಗಕ್ಕನ ಲ್ಯಾಪ್‌ಟಾಪು ಹೊಸ ಪಾಸ್‌ವರ್ಡ್ ಕೇಳಿತು. ಗಂಟೆ ಹನ್ನೊಂದಕ್ಕೆ ಹತ್ತು ನಿಮಿಷ.

"ತಮ್ಮಾ, ಪಾಸ್‌ವರ್ಡ್ ಹೇಳು."

ದುಂಡಪ್ಪ ತುಟಿ ಬಿಗಿದ.

"ದುಂಡಪ್ಪಾ, ವ್ಯಾಳ್ಯಾ ಆಗಾಕತ್ತೈತಿ. ಹೇಳೋ."

ದುಂಡಪ್ಪ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಸಂಗಕ್ಕ ಬೇಡಿಕೊಂಡಳು. ಹೊಸ ಅಂಗಿ ಕೊಡಿಸುತ್ತೇನೆ ಅಂದಳು. ಮಂಚದಿಂದಲೇ ದಿಂಬು ಎಸೆದಳು. ದಾವಲಸಾಬನಿಗೆ ಫೋನ್ ಮಾಡಿದರೆ ಅವನು ಗಾಡಿಯ ಮೇಲೆ, ಎತ್ತುವುದಿಲ್ಲ. ಗಂಟೆ ಹನ್ನೊಂದಕ್ಕೆ ನಾಲ್ಕು ನಿಮಿಷ. ಬಾಳವ್ವ ಓಡಿ ಬಂದಳು.

"ಅಕ್ಕ ಕೇಳಾಕತ್ತಾಳ, ಹೇಳೋ ನನ್ನಪ್ಪಾ."

ಬೆರಳ ಸಂದಿಯಿಂದ ದುಂಡಪ್ಪ ಅಂದ, "ಜೀವಾ ಹೋದ್ರೂ ಹೇಳಬ್ಯಾಡ ಅಂದೀಯಲ್ಲ."

ಬಾಳವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಗನ ಗದ್ದ ಹಿಡಿದಳು. "ಅದು ಹೊರಗಿನವರಿಗೆ ಹೇಳಬಾರದು. ಮನಿಯವರು ಕೇಳಿದ್ರ ತಡಾ ಮಾಡದ ಹೇಳಬೇಕು. ಮನಿಯವರಿಗೆ ಹೇಳು, ಹೊರಗಿನವರಿಗೆ ಬ್ಯಾಡ. ತಲಿಗಿ ಹೋತಾ?"

"ಹೋತು ಯವ್ವಾ" ಅಂದು ಅಕ್ಕನಿಗೆ ಪಾಸ್‌ವರ್ಡ್ ಹೇಳಿದ. ಒತ್ತಿದಳು. ನೆಟ್ ಬಂತು. ವಿಡಿಯೋ ಬಂತು. ಬೀದರದ ಮನೆ, ಹೂವಿನ ತೊಟ್ಟಿಲು, ಹಿಂದೆ ಸಾಲಾಗಿ ನಿಂತ ಹೆಂಗಸರು, ತೊಟ್ಟಿಲಲ್ಲಿ ತಲೆಗೆ ಕೆಂಪು ಕುಲಾಯಿ ಹಾಕಿಕೊಂಡು ಚೀರುವ ಕೂಸು, ಎಲ್ಲ ಕಂಡಿತು. ಬಾಳವ್ವ ಮಗಳ ಬೆನ್ನ ಹಿಂದೆ ಬಂದು ನಿಂತಳು. ಸಂಗಕ್ಕ ಸೆರಗು ಹೊದ್ದಳು, ಗಂಟಲು ಸರಿ ಮಾಡಿಕೊಂಡಳು.

ಚನಬಸು ತೊಟ್ಟಿಲಿಗೆ ಬಗ್ಗಿ ಫೋನನ್ನು ಕೂಸಿನ ಕಿವಿಗೆ ಹಿಡಿದ. "ಹೂಂ, ಮುಹೂರ್ತ ಬಂತು. ಹೇಳ್ರಿ, ಏನದು?"

ಕೇಳಿದವನು ಯಾರು? ಒಡಹುಟ್ಟಿದ ಅಣ್ಣ. ಮನೆಯವನೇ. ತಡ ಮಾಡಬಾರದು. ಸಂಗಕ್ಕ ಕುರ್ರ್ ಅನ್ನುವ ಮೊದಲೇ ದುಂಡಪ್ಪ ಲ್ಯಾಪ್‌ಟಾಪಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಹೇಳಿದ.

"ಕರ್ಚಿಕಾಯಿ, ಒಂದು, ಎರಡು, ಮೂರು."

ಬೀದರದ ಹೆಂಗಸರು ಹೆಸರು ಬಿತ್ತು ಅಂದುಕೊಂಡರು. ಮೇಲಿಂದ ಒಂದು, ಎರಡು, ಮೂರು ಅಂತ ಎಣಿಕೆಯೂ ಬಂತಲ್ಲ. ಅತ್ತೆಯ ಬೆನ್ನು ಅಲ್ಲಿಲ್ಲ, ಫೋನ್ ಹಿಡಿದವನ ಬೆನ್ನು ಇದೆ. ಧಪ್, ಧಪ್, ಧಪ್ ಅಂತ ಚನಬಸುವಿಗೆ ಮೂರು ಗುದ್ದು ಬಿದ್ದವು. ಅವನು ತೊಟ್ಟಿಲ ಹಗ್ಗ ಹಿಡಿದು ನಿಂತುಕೊಂಡ. ಅಷ್ಟು ಹೊತ್ತು ಚೀರುತ್ತಿದ್ದ ಕೂಸು ಥಟ್ಟನೆ ಸುಮ್ಮನಾಯಿತು.

ಸಂಗಕ್ಕನ ಮುಖ ಒಂದು ಕ್ಷಣ ಬಾಡಿತು. ಏಳು ವರ್ಷ ಕಾದದ್ದು ಆಕೆ, ಮೊದಲು ಹೇಳಿದ್ದು ಈ ಪೆದ್ದ. ಆದರೆ ಆ ಕಡೆ ಕೂಸು ಬೊಚ್ಚುಬಾಯಿ ತೆರೆದು ನಕ್ಕಿತು ನೋಡಿ, ಸಂಗಕ್ಕನಿಗೂ ನಗು ತಡೆಯಲಾಗಲಿಲ್ಲ. ಕಾಲಿನ ಪಟ್ಟಿ ಅಲುಗಾಡುವ ಹಾಗೆ ನಕ್ಕಳು. ಬೀಗತಿ ಮುದುಕಿ ಫೋನಿಗೆ ಮುಖ ತಂದು ನ್ಯಾಯ ಹೇಳಿದಳು. "ಕಿವ್ಯಾಗ ಬಿದ್ದಿದ್ದು ಹೊಳ್ಳಿ ತಗಿಯಾಕ ಬರೂದಿಲ್ಲವ್ವಾ. ಅದು ಕರಿಯೂ ಹೆಸರು ಆಗಲಿ. ಈಗ ಅತ್ತಿ ಹೇಳಲಿ, ಅದು ಬರಿಯೂ ಹೆಸರು."

ಸಂಗಕ್ಕ ಕುರ್ರ್ ಅಂದಳು, ದಾನೇಶ್ವರಿ ಅಂದಳು. ಈ ಕಡೆಯಿಂದ ಬಾಳವ್ವ ಮಗಳ ಬೆನ್ನಿಗೆ ಪ್ರೀತಿಯಿಂದ ಒಂದು ಗುದ್ದು ಹಾಕಿದಳು. ಆಮೇಲೆ ಎಲ್ಲರೂ ತಳ ಹೊತ್ತಿದ ಹುಗ್ಗಿಯನ್ನೇ ಮೇಲೆ ಮೇಲೆ ತೆಗೆದುಕೊಂಡು ಉಂಡರು.

ಐದು ತಿಂಗಳಿಗೆ ಸೊಸೆ ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ದಾನೇಶ್ವರಿ ಅಂದರೆ ಅದು ತಿರುಗಿ ನೋಡುವುದಿಲ್ಲ, ಕರ್ಚಿಕಾಯಿ ಅಂದರೆ ಕೈ ಚಾಚುತ್ತದೆ. ಓಣಿಯ ಹೆಂಗಸರೆಲ್ಲ ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಕೂಸು ನೋಡಲು ಬಂದರು. ಬಾಗಿಲಲ್ಲಿ ದುಂಡಪ್ಪ ಕೂಸನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

"ಎಷ್ಟ ಚಂದ ಐತಪಾ ಕೂಸು. ಹೆಸರೇನು?" ಅಂತ ಕೇಳಿದರು.

ದುಂಡಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಹೊರಗಿನವರೇ. ಕೂಸಿನ ಎರಡೂ ಕಿವಿ ಮುಚ್ಚಿ, ಬಾಗಿಲು ಹಾಕಿಕೊಂಡು, ಒಳಗಿನಿಂದ ಹೇಳಿದ.

"ಅದು ಪಾಸ್‌ವರ್ಡ್ ಐತ್ರಿ. ಮನಿಯವರಿಗಷ್ಟ ಹೇಳೂದು."